ಸತ್ತವರಿಗೂ ಪಕ್ಷವುಂಟೇ?

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲಬುರಗಿ, ಬೀದರ್, ರಾಯಚೂರುಗಳಲ್ಲಿ ಧ್ವಜಾರೋಹಣ ನಡೆಯುತ್ತದೆ. 2019ರಿಂದ ಆ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂದಿದೆ. ನಿಜಾಮನ ಅರಸೊತ್ತಿಗೆ ಕೊನೆಗೊಂಡುದಕ್ಕೆ ಸಂತೋಷಪಡಲು ನಮಗೆ ಯಾವ ಸಂಕೋಚವೂ ಇಲ್ಲ. ಪ್ರಜೆಗಳ ಅಭಿಪ್ರಾಯ ಕೇಳದ ದೊರೆ ನಮ್ಮವನೆನಿಸಿಕೊಂಡ ಮಾತ್ರಕ್ಕೆ ಒಳ್ಳೆಯ ದೊರೆಯಾಗುವುದಿಲ್ಲ. ಆದರೆ ಬೆಂಗಳೂರಿನ ಗುರಪ್ಪನಪಾಳ್ಯದಲ್ಲಿ, ತಿಲಕನಗರದಲ್ಲಿ, ಬನಶಂಕರಿಯ ಯಾರಬ್ ನಗರದಲ್ಲಿ ನೆಲೆಸಿರುವ, ಬೀದರ್ ಕಲಬುರಗಿಗಳಿಂದ ದುಡಿಮೆಗೆ ಬಂದ ಕುಟುಂಬಗಳೊಡನೆ ಕುಳಿತು ಮಾತನಾಡಿ ನೋಡಿ. ಮುತ್ತಜ್ಜ ಹೇಗೆ ತೀರಿಕೊಂಡರೆಂದು ಕೇಳಿದರೆ ಕೆಲವು ಮನೆಗಳಲ್ಲಿ ದಾದಿಯ ಬಾಯಿಂದ ಬರುವುದು ಮೂರೇ ಶಬ್ದ: ‘ಪೊಲೀಸ್ ಆಕ್ಷನ್‌ನಲ್ಲಿ ಹೋದರು.’ ಅದರಾಚೆಗೆ ಅವರೂ ಹೇಳುವುದಿಲ್ಲ, ಮಕ್ಕಳೂ ಕೇಳುವುದಿಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಐದು ದಿನಗಳಲ್ಲಿ ಎಲ್ಲವೂ ಮುಗಿಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ನಿಜವಾಗಿ ಹಳ್ಳಿಗಳಲ್ಲಿ ಆಗ ಇನ್ನೊಂದು ಅಧ್ಯಾಯ ಆರಂಭವಾಗಿತ್ತು. ಅದೇ ವರ್ಷದ ಕೊನೆಯಲ್ಲಿ ಕೇಂದ್ರ ಸರಕಾರವೇ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಸದ್ಭಾವನಾ ನಿಯೋಗವಾಗಿ ಅಲ್ಲಿಗೆ ಕಳುಹಿಸಿತು. ಅವರು 16 ಜಿಲ್ಲೆಗಳ ಪೈಕಿ 9ರಲ್ಲಿ ತಿರುಗಾಡಿದರು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಮಿಕ್ಕಿದ ಜನರ ಮಾತು ಕೇಳಿದರು. ಕಾರ್ಯಾಚರಣೆಯ ಸಂದರ್ಭದಲ್ಲಿ ಮತ್ತು ಅದರ ನಂತರ ಸತ್ತವರು ಅತಿ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರವೆಂದು ಅವರು ಅಂದಾಜಿಸಿದರು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲೇ 18 ಸಾವಿರ. ಮುಸ್ಲಿಮ್ ನೆರೆಯವರನ್ನು ಪ್ರಾಣದ ಹಂಗು ತೊರೆದು ಕಾಪಾಡಿದ ಹಿಂದೂಗಳನ್ನೂ ಅದೇ ವರದಿ ಸ್ಮರಿಸಿದೆ. ಆ ವರದಿ ದಶಕಗಳ ಕಾಲ ಕತ್ತಲಲ್ಲಿತ್ತು. 2013ರಲ್ಲಿ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರ ಕೈಗೆ ಸಿಗುವ ಹೊತ್ತಿಗೆ ಅದರಲ್ಲಿ ಹೇಳಲಾದ ವಿಧವೆಯರಲ್ಲಿ ಎಷ್ಟು ಮಂದಿ ಬದುಕಿ ಉಳಿದಿದ್ದರು?

ಇಷ್ಟು ಹೇಳಿದೊಡನೆ ‘ರಝಾಕಾರರ ವಿಚಾರವೇನು?’ ಎಂಬ ಪ್ರಶ್ನೆ ಬರುತ್ತದೆ. ಬರಲಿ. ಆ ಪ್ರಶ್ನೆಯನ್ನು ಇತರರಿಗಿಂತ ಮೊದಲು ನಾವೇ ಕೇಳಿಕೊಳ್ಳಬೇಕಿತ್ತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದದ್ದು ನರಮೇಧ. ಅದಕ್ಕೆ ಬೇರೆ ಹೆಸರಿಲ್ಲ. ಭಾರತದೊಡನೆ ಸೇರುವುದೇ ವಿವೇಕವೆಂದು ಬರೆದ ಪತ್ರಕರ್ತ ಶೋಯಬುಲ್ಲಾ ಖಾನ್‌ರನ್ನು ಅದೇ ಆಗಸ್ಟ್‌ನಲ್ಲಿ ಕೊಂದವರು ಇಸ್ಲಾಮಿನ ಹೆಸರೆತ್ತುತ್ತಿದ್ದವರೇ. ಇವೆರಡನ್ನೂ ನಮ್ಮ ಸಭೆಗಳಲ್ಲಿ ಎಷ್ಟು ಬಾರಿ ಪ್ರಸ್ತಾಪಿಸಿದ್ದೇವೆ? ಪರರ ತಪ್ಪಿನ ಲೆಕ್ಕ ಬರೆಯುವಾಗ ಇರುವ ನೆನಪಿನ ಶಕ್ತಿ ನಮ್ಮದರ ಸರದಿ ಬಂದಾಗ ಕೈಕೊಡುವುದು ಪ್ರಾಮಾಣಿಕತೆಯಲ್ಲ.

ಆದರೆ ತಪ್ಪಿನ ಬೆಲೆ ತೆತ್ತವರು ಯಾರೆಂದೂ ನೋಡಬೇಕು. ರಝಾಕಾರರ ನಾಯಕ ಕಾಸಿಮ್ ರಝ್ವಿ ಸೆರೆವಾಸ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ತೆರಳಿದ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1950ರಿಂದ 1956ರವರೆಗೆ ರಾಜಪ್ರಮುಖನಾಗಿ ಗೌರವದಿಂದ ಕುಳಿತ. ವರ್ಷಕ್ಕೆ ಲಕ್ಷಗಟ್ಟಲೆ ರಾಜಧನವನ್ನೂ ಪಡೆದ. ಅರಸನಿಗೆ ಪಿಂಚಣಿ ಉಂಟು, ಅವನ ಹಳ್ಳಿಯ ನೇಕಾರನ ವಿಧವೆಗೆ ಇಲ್ಲ! ಕೋವಿಯನ್ನು ಕಣ್ಣಿಂದಲೂ ಕಾಣದ ರೈತ, ಜವಾನ, ಕುಲುಮೆಯವ ಇವರೆಲ್ಲ ಯಾರದೋ ಪಾಪದ ಸಾಲ ತೀರಿಸಿದರು.

1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದಂದು, ಕೇಂದ್ರ ಸರಕಾರ ಸ್ವಾತಂತ್ರ್ಯ ಯೋಧರಿಗೆ ಪಿಂಚಣಿ ಯೋಜನೆ ತಂದಿತು. 1980ರಲ್ಲಿ ಅದನ್ನು ಸಮ್ಮಾನ ಪಿಂಚಣಿಯಾಗಿ ವಿಸ್ತರಿಸಿ ಆದಾಯದ ಮಿತಿಯನ್ನು ತೆಗೆಯಿತು. ಹೈದರಾಬಾದಿನ ಗಡಿ ಶಿಬಿರಗಳಲ್ಲಿದ್ದು ಹೋರಾಡಿದವರೂ ಇದರ ಫಲಾನುಭವಿಗಳಾದರು. ನಿಜಾಮನ ವಿರುದ್ಧ ಆರ್ಯ ಸಮಾಜ ನಡೆಸಿದ ಚಳವಳಿಯಲ್ಲಿ ಪಾಲ್ಗೊಂಡವರ ಅರ್ಜಿ ತಡವಾಯಿತೆಂದು ತಿರಸ್ಕರಿಸಬಾರದೆಂದು 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದೆಲ್ಲ ನ್ಯಾಯವೇ. ಆದರೆ ಇದೇ ಹೋರಾಟದ ಹೆಸರಿನಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ನಕಲಿ ಯೋಧರು ಹುಟ್ಟಿಕೊಂಡದ್ದೂ, ಆ ವ್ಯಾಜ್ಯ 2005ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋದದ್ದೂ ಸುಳ್ಳಲ್ಲ. ಇತ್ತ ನಮ್ಮ ಬೆಂಗಳೂರಿನಲ್ಲಿ, 14 ತಿಂಗಳು ಜೈಲಿನಲ್ಲಿದ್ದ ಎಚ್.ಎಸ್. ದೊರೆಸ್ವಾಮಿಯವರನ್ನು 2020ರಲ್ಲಿ ಶಾಸಕರೊಬ್ಬರು ‘ನಕಲಿ ಹೋರಾಟಗಾರ’ ಎಂದು ಜರೆದರು. ನೂರು ದಾಟಿದ ಆ ಹಿರಿಯರು ತಮ್ಮ ಜೈಲುವಾಸದ ಪ್ರಮಾಣಪತ್ರವನ್ನು ಹುಡುಕಿ ತೋರಿಸಬೇಕಾಯಿತು. ಮರುವರ್ಷ ಜಯದೇವ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಯಾರ ಬಳಿ ಕಾಗದ ಕೇಳಬೇಕು, ಯಾರ ಬಳಿ ಕೇಳಬಾರದು ಎಂಬುದನ್ನು ನಮ್ಮಲ್ಲಿ ಕಾನೂನಿಗಿಂತ ಹೆಚ್ಚಾಗಿ ರಾಜಕೀಯ ತೀರ್ಮಾನಿಸುತ್ತದೆ.

ಅಂತರ್ಯುದ್ಧವನ್ನು ಕಂಡ ಇನ್ನೊಂದು ದೇಶದ ಉದಾಹರಣೆ ನಮ್ಮ ಮುಂದಿದೆ. ಐರ್ಲೆಂಡಿನಲ್ಲಿ 1922-23ರಲ್ಲಿ, ಬ್ರಿಟಿಷರ ವಿರುದ್ಧ ಒಟ್ಟಾಗಿ ಹೋರಾಡಿದವರೇ ಒಪ್ಪಂದವೊಂದರ ವಿಚಾರದಲ್ಲಿ ಇಬ್ಭಾಗವಾಗಿ ಪರಸ್ಪರ ಕೊಂದರು. ಗೆದ್ದ ಸರಕಾರ 1923 ಮತ್ತು 1924ರ ಕಾಯಿದೆಗಳ ಮೂಲಕ ತನ್ನ ಸೈನಿಕರಿಗೂ ಅವರ ಅವಲಂಬಿತರಿಗೂ ಪಿಂಚಣಿ ಕೊಟ್ಟಿತು. ಸೋತವರ ಮನೆಗಳಿಗೆ ಏನೂ ಇಲ್ಲ. ಸೋತ ಪಕ್ಷದ ಡಿ ವಲೇರಾ 1932ರಲ್ಲಿ ಅಧಿಕಾರಕ್ಕೆ ಬಂದ ನಂತರವೇ ಅವರ ಕಡೆಯ ಮೃತರ ಕುಟುಂಬಗಳಿಗೂ, 1934ರಲ್ಲಿ ಬದುಕುಳಿದ ಯೋಧರಿಗೂ ಬಾಗಿಲು ತೆರೆಯಿತು. ಹಾಗೆಂದು ಐರ್ಲೆಂಡನ್ನು ಹೊಗಳಿ ಅಟ್ಟಕ್ಕೇರಿಸುವ ಅಗತ್ಯವಿಲ್ಲ. ಸೇವಾ ಪಿಂಚಣಿಗೆ ಅರ್ಜಿ ಹಾಕಿದ ಸುಮಾರು 82 ಸಾವಿರ ಮಂದಿಯಲ್ಲಿ 66 ಸಾವಿರಕ್ಕೂ ಹೆಚ್ಚು ಅರ್ಜಿಗಳು ತಿರಸ್ಕೃತವಾದುವೆಂದು 1957ರಲ್ಲಿ ಅಲ್ಲಿನ ಸಂಸತ್ತಿಗೆ ತಿಳಿಸಲಾಯಿತು. ಆದರೂ ಅರ್ಜಿ ಹಾಕುವ ಅವಕಾಶವಿತ್ತು, ಬರೆದುದನ್ನು ಜೋಪಾನವಾಗಿಟ್ಟರು, 2014ರಿಂದ ಆ ಕಡತಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತಿದ್ದಾರೆ. ಗುಲ್ಬರ್ಗಾದ ವಿಧವೆ ಯಾವ ಕಚೇರಿಯ ಯಾವ ಕಿಟಕಿಗೆ ಅರ್ಜಿ ಕೊಡಬೇಕಿತ್ತು?

‘ಸತ್ತವರು ಸ್ವಾತಂತ್ರ್ಯ ಯೋಧರೇ?’ ಎಂದು ಕೇಳಬಹುದು. ಅಲ್ಲ. ಅವರಿಗೆ ತಾಮ್ರಪತ್ರ ಬೇಕೆಂದು ನಾವು ಹೇಳುತ್ತಲೂ ಇಲ್ಲ. ಆಯುಧ ಹಿಡಿದು ಅಮಾಯಕರನ್ನು ಕೊಂದವನಿಗೆ ಗೌರವ ಬೇಕೆಂದಂತೂ ಹೇಳಲಾರೆವು. ಆದರೆ 1984ರಲ್ಲಿ ಹತರಾದ ಸಿಖ್ಖರೂ ಯೋಧರಾಗಿರಲಿಲ್ಲ. 22 ವರ್ಷಗಳ ನಂತರ, 2006ರಲ್ಲಿ, ಕೇಂದ್ರ ಸರಕಾರ ಪ್ರತಿ ಸಾವಿಗೆ ಹೆಚ್ಚುವರಿಯಾಗಿ ಮೂರೂವರೆ ಲಕ್ಷ ರೂಪಾಯಿಯನ್ನೂ, ವಿಧವೆಯರಿಗೆ ಮತ್ತು ವೃದ್ಧ ತಂದೆತಾಯಿಗಳಿಗೆ ತಿಂಗಳಿಗೆ 2500 ರೂಪಾಯಿ ಪಿಂಚಣಿಯನ್ನೂ ಘೋಷಿಸಿತು. ಪ್ರಜೆಯ ಪ್ರಾಣ ಕಾಯಬೇಕಾದ ಸರಕಾರ ಕಾಯಲಿಲ್ಲ, ಆದ್ದರಿಂದ ಹೊಣೆ ಅದರದು ಎಂಬುದೇ ಅಲ್ಲಿಯ ತರ್ಕ. ಶರಣಾಗತಿಯ ನಂತರ ಹೈದರಾಬಾದ್ ಇದ್ದದ್ದು ಭಾರತದ ಸೇನಾಡಳಿತದ ಕೈಯಲ್ಲಿ. ಇಲ್ಲಿ ಆ ತರ್ಕ ಅನ್ವಯಿಸದೆಂದು ಹೇಳುವವರು ಕಾರಣವನ್ನೂ ಹೇಳಲಿ.

ವಿಧವೆಯರ ಕಾಲ ಮುಗಿದಿದೆ. ಅವರಿಗೆ ಮಾಸಾಶನ ಕೊಡಿರೆಂಬ ಬೇಡಿಕೆಗೆ ಈಗ ಅರ್ಥವಿಲ್ಲ. ಆದರೆ ಅಂದು ತಾಯಿಯ ಕಂಕುಳಲ್ಲಿದ್ದ ಕೂಸುಗಳಿಗೆ ಇಂದು ಎಂಬತ್ತರ ಆಸುಪಾಸು. ಅಂಥವರನ್ನು ಗುರುತಿಸಿ ಒಂದು ವೃದ್ಧಾಪ್ಯದ ನೆರವು ನೀಡುವುದು ರಾಜ್ಯ ಸರಕಾರಕ್ಕೆ ಭಾರವಲ್ಲ. ಸುಂದರಲಾಲ್ ವರದಿಯನ್ನು ಕನ್ನಡದಲ್ಲಿ ಅಧಿಕೃತವಾಗಿ ಪ್ರಕಟಿಸಲಿ. ಸೆಪ್ಟೆಂಬರ್ 17ರ ಭಾಷಣದಲ್ಲಿ ಗೋರ್ಟಾದ ಹುತಾತ್ಮರ ಹೆಸರಿನೊಡನೆ ಆ ನಂತರ ಸತ್ತವರಿಗೂ ಒಂದು ವಾಕ್ಯ ಮೀಸಲಿರಲಿ.

ಉಳಿದ ಕೆಲಸ ನಮ್ಮದು. ಮಸೀದಿ ಕಮಿಟಿಗಳ ಬಳಿ ಮದುವೆಯ ದಾಖಲೆ ಇದೆ, ಚಂದಾದ ಲೆಕ್ಕವಿದೆ; ಈ ಸಾವುಗಳ ಪಟ್ಟಿ ಮಾತ್ರ ಇಲ್ಲ. ಕಾಲೇಜಿನಲ್ಲಿ ಓದುತ್ತಿರುವ ಹುಡುಗ ಹುಡುಗಿಯರು ಕೈಯಲ್ಲಿ ಮೊಬೈಲ್ ಹಿಡಿದು ಈ ರವಿವಾರವೇ ತಮ್ಮ ದಾದಿಯ ಪಕ್ಕದಲ್ಲಿ ಕುಳಿತುಕೊಳ್ಳಲಿ. ಹಳ್ಳಿಯ ಹೆಸರು, ಸತ್ತವರ ಹೆಸರು, ಅವರ ಕಸುಬು, ಆ ರಾತ್ರಿ ಮನೆಯವರನ್ನು ಬಚ್ಚಿಟ್ಟು ಕಾಪಾಡಿದ ಲಿಂಗಾಯತರೋ ದಲಿತರೋ ಇದ್ದರೆ ಅವರ ಹೆಸರು, ಎಲ್ಲವನ್ನೂ ದಾಖಲಿಸಿಕೊಳ್ಳಲಿ. ದಾದಿ ಮೊದಲು ಮಾತನಾಡಲಿಕ್ಕಿಲ್ಲ. ಎದ್ದು ಹೋಗಬಾರದು.