ಹತ್ತಿ ನಮ್ಮದು, ಹಾಳೆ ಯಾರದು?

ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಎರೆಹೊಲಗಳ ಹತ್ತಿ ಗದಗಿನ ಮಾರುಕಟ್ಟೆಗೆ ಬರುತ್ತದೆ. ಜಿನ್ನಿಂಗ್ ಗಿರಣಿಯಲ್ಲಿ ಬೀಜ ಬೇರೆಯಾಗಿ, ಅರಳೆ ಅಂಡಿಗೆಯಾಗಿ ಊರು ಬಿಡುತ್ತದೆ. ಹೊಲದಲ್ಲಿ ಉಳಿದ ಕಟ್ಟಿಗೆ ಒಲೆ ಸೇರುತ್ತದೆ, ಇಲ್ಲವೇ ಬದುವಿನಲ್ಲೇ ಬೂದಿಯಾಗುತ್ತದೆ. ಹತ್ತಿಯಿಂದ ಬಟ್ಟೆಯಲ್ಲದೆ ಬೇರೇನಾದರೂ ಆದೀತೇ ಎಂದು ಕೇಳುವ ರೂಢಿ ನಮ್ಮ ಕಾಲೇಜುಗಳಲ್ಲಿ ಇನ್ನೂ ಬಂದಿಲ್ಲ. ಇಂದು ಕೇಳಬೇಕಾದ ಪ್ರಶ್ನೆ ಅದೇ.

ಹತ್ತಿಯ ಎಳೆಯಲ್ಲಿ ಶೇ 90ರಷ್ಟು ಸೆಲ್ಯುಲೋಸ್ ಇದೆ, ಕಟ್ಟಿಗೆಯಲ್ಲೂ ಸಾಕಷ್ಟಿದೆ. ಅದನ್ನು ಸಂಸ್ಕರಿಸಿ ಸೀಳಿದರೆ ಕಣ್ಣಿಗೆ ಕಾಣದಷ್ಟು ತೆಳುವಾದ ನ್ಯಾನೊ ಎಳೆಗಳು ಸಿಗುತ್ತವೆ. ಸೆಲ್ಯುಲೋಸ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ವಿವರಿಸಿದ ಕಾರ್ಬನ್ ನ್ಯಾನೊಟ್ಯೂಬ್‌ಗಳಲ್ಲಿ ಚೆನ್ನಾಗಿ ಹರಿಯುತ್ತದೆ. ನೀರಿಗೆ ಹಾಕಿದರೆ ಈ ಕೊಳವೆಗಳು ಗಂಟು ಕಟ್ಟುತ್ತವೆ. ಸೆಲ್ಯುಲೋಸ್ ಎಳೆಗಳು ಅವನ್ನು ಬಿಡಿಬಿಡಿಯಾಗಿ ಹಿಡಿದಿಡುತ್ತವೆ. ಆ ನೀರನ್ನು ಸೋಸಿ ಒಣಗಿಸಿದರೆ ಬಾಗುವ, ಮಡಚಬಹುದಾದ ಕಪ್ಪು ಹಾಳೆ ಸಿದ್ಧ. ಕೊಳವೆಗಳು ಒಂದಕ್ಕೊಂದು ತಾಗಿ ದಾರಿ ಮಾಡಿಕೊಳ್ಳುವುದರಿಂದ, ತೂಕದಲ್ಲಿ ಅವುಗಳ ಪಾಲು ಸ್ವಲ್ಪವೇ ಇದ್ದರೂ ವಿದ್ಯುತ್ ಹರಿಯುತ್ತದೆ.

ಇದರ ಉಪಯೋಗವೇನು? ಇಸಿಜಿ ತೆಗೆಯುವಾಗ ಎದೆಗೆ ಅಂಟಿಸುವ ಪಟ್ಟಿಯ ಜೆಲ್ ಹೊತ್ತು ಕಳೆದಂತೆ ಒಣಗುತ್ತದೆ, ಕೆಲವರಿಗೆ ತುರಿಕೆಯೂ ಆಗುತ್ತದೆ. ಬೆವರಿನ ಆವಿಯನ್ನು ಹೊರಬಿಡುವ ಸೆಲ್ಯುಲೋಸ್ ಹಾಳೆಯನ್ನು ಹೆಚ್ಚು ಹೊತ್ತು ಮೈಮೇಲೆ ಇಡಬಹುದು ಎಂಬುದು ಸಂಶೋಧಕರ ನಿರೀಕ್ಷೆ. ಹೃದಯ ಬಡಿತ, ಸ್ನಾಯು ಚಲನೆಗಳನ್ನು ಮನೆಯಲ್ಲಿದ್ದೇ ಗಮನಿಸಲು ಇದು ನೆರವಾದೀತು. ದೊಡ್ಡಾಸ್ಪತ್ರೆಗೆ ಬಸ್ಸು ಹಿಡಿದು ಬರಬೇಕಾದ ಹಳ್ಳಿಗರಿಗೆ ಇದು ಸಣ್ಣ ಮಾತಲ್ಲ.

ಹಾಗೆಂದು ಎಲ್ಲವೂ ಮುಗಿದ ಕೆಲಸವಲ್ಲ. ಬೆವರು ಕುಡಿದ ಸೆಲ್ಯುಲೋಸ್ ಉಬ್ಬಿದರೆ ಹಾಳೆಯ ವಿದ್ಯುತ್ ರೋಧ ಬದಲಾಗಿ ಅಳತೆ ತಪ್ಪುತ್ತದೆ. ಇನ್ನೊಂದು ಪ್ರಶ್ನೆ ಇದಕ್ಕಿಂತ ಗಂಭೀರ. ನ್ಯಾನೊಟ್ಯೂಬ್‌ನ ಒಣ ಪುಡಿ ಉಸಿರಿಗೆ ಸೇರುವುದು ಅಪಾಯ. ಅದರ ಒಂದು ಬಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿತು. ಹಾಳೆಯಿಂದ ಕೊಳವೆಗಳು ಉದುರುವುದಿಲ್ಲ, ಚರ್ಮದ ಜೀವಕೋಶಗಳಿಗೆ ಹಾನಿಯಿಲ್ಲ ಎಂದು ಐಎಸ್‌ಒ 10993 ಮಾನದಂಡದ ಪರೀಕ್ಷೆಗಳಲ್ಲಿ ಗೆದ್ದ ಮೇಲಷ್ಟೇ ಅದನ್ನು ‘ಚರ್ಮಸ್ನೇಹಿ’ ಎನ್ನಬೇಕು.

ಇಷ್ಟೊಂದು ಕೆಲಸ ಬಾಕಿ ಇರುವುದರಿಂದಲೇ ಹೊಸಬರಿಗೆ ಇಲ್ಲಿ ಜಾಗವಿದೆ. ಎಳೆ ತೆಗೆಯಲು ರಸಾಯನಶಾಸ್ತ್ರ, ಸಂಕೇತ ಓದಲು ಎಲೆಕ್ಟ್ರಾನಿಕ್ಸ್, ಚರ್ಮ ಅರಿಯಲು ಜೀವಶಾಸ್ತ್ರ ಬೇಕು. ಎಳೆಯ ಗುಣವನ್ನು ಕೈಯಲ್ಲೇ ಅಳೆಯಬಲ್ಲ ನೇಕಾರರು ಬೆಟಗೇರಿಯಲ್ಲೇ ಇದ್ದಾರೆ. ಗದಗ, ಲಕ್ಷ್ಮೇಶ್ವರಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳೂ ಇವೆ. ಆದರೆ ವಿಭಾಗಗಳು ಒಂದೇ ಕಟ್ಟಡದಲ್ಲಿದ್ದರೂ ಒಂದಕ್ಕೊಂದು ಮಾತಾಡುವುದಿಲ್ಲ. ಅಂತಿಮ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವವರೂ ನಮ್ಮಲ್ಲಿದ್ದಾರೆ. ಹಾಗೆ ತಂದ ಪ್ರಾಜೆಕ್ಟಿನ ಬಗ್ಗೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆ ಬಂದರೆ ಬಾಯಿ ಕಟ್ಟುತ್ತದೆ.

ಅದರ ಬದಲು ಹತ್ತಿ ಕಟ್ಟಿಗೆಯಿಂದ ಕಾಗದ ಮಾಡಿ, ಗ್ರಾಫೈಟ್ ಬೆರೆಸಿ, ಒಣಗಿದಾಗ ಮತ್ತು ಒದ್ದೆಯಾದಾಗ ರೋಧ ಎಷ್ಟೆಂದು ಮಲ್ಟಿಮೀಟರಿನಲ್ಲಿ ಅಳೆಯೋಣ. ಅಧ್ಯಾಪಕರ ನಿಗಾದಲ್ಲಿ ಇಷ್ಟನ್ನು ನಮ್ಮ ಪ್ರಯೋಗಾಲಯದಲ್ಲೇ ಮಾಡಬಹುದು. ನ್ಯಾನೊ ಪುಡಿಯ ಗೊಡವೆ ಆಮೇಲೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನೆರವು ನೀಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರ ಹೊರಗಿನವರಿಗೂ ತರಬೇತಿ ಕೊಡುತ್ತದೆ. ಮುಂಬೈಯಲ್ಲಿ 1924ರಲ್ಲಿ ಆರಂಭವಾದ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ನ್ಯಾನೊ ಸೆಲ್ಯುಲೋಸ್ ತಯಾರಿಸುವ ಪ್ರಾಯೋಗಿಕ ಘಟಕವನ್ನೇ ಹೊಂದಿದೆ. ಅರ್ಜಿ ಹಾಕುವ ಕೆಲಸ ಮಾತ್ರ ನಮ್ಮದು.

ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವುದು ತಪ್ಪಲ್ಲ. ಆದರೆ ಸರ್ಕಾರಿ ಹುದ್ದೆಯೊಂದೇ ದಾರಿ ಎಂದುಕೊಂಡರೆ, ನಮ್ಮ ಹೊಲದ ಅರಳೆ ಎಲ್ಲೋ ಹಾಳೆಯಾಗಿ, ದುಬಾರಿ ಬೆಲೆಗೆ ನಮ್ಮ ಆಸ್ಪತ್ರೆಗೇ ಮರಳಿ ಬರುತ್ತದೆ. ಈ ಹಂಗಾಮಿನಲ್ಲಿ ಕಟ್ಟಿಗೆಗೆ ಬೆಂಕಿ ಹಚ್ಚುವ ಮುನ್ನ ಒಂದು ಹಿಡಿ ಕಾಲೇಜಿಗೆ ತರೋಣ.