ಕಣ್ಣಿಗೂ ಶಿಕ್ಷಣ ಬೇಕು

ಪರೀಕ್ಷೆಯು ಸಮೀಪಿಸಿದೊಡನೆ ಶಾಲೆಗಳಲ್ಲಿ ಮೊದಲು ಬಿಟ್ಟುಹೋಗುವ ಪಾಠವು ಚಿತ್ರಲೇಖನವು. ಆ ತಾಸನ್ನು ಗಣಿತಕ್ಕೆ ಕೊಟ್ಟರೆ ಯಾರೂ ವ್ಯಸನಪಡುವುದಿಲ್ಲ. ಬಣ್ಣ ಬಳಿಯುವುದು ಬರಿಯ ವಿನೋದವೆಂದು ಅನೇಕ ತಾಯಿತಂದೆಗಳು ಭಾವಿಸಿರುವರು. ಈ ಭಾವನೆಯು ಸರಿಯಲ್ಲವೆಂದೂ, ಇದಕ್ಕೆ ಬೋಧನಕ್ರಮವೂ ಕಾರಣವೆಂದೂ ನಾವು ವಿನಯಪೂರ್ವಕವಾಗಿ ಹೇಳಬಯಸುತ್ತೇವೆ.

ಎಲೆಯು ಹಸಿರು, ಆಕಾಶವು ನೀಲಿ, ನೆರಳು ಕಪ್ಪು ಎಂದು ಬಾಲಿಕೆಯರಿಗೆ ಹೇಳಿಕೊಡುವೆವು. ಅವರು ನೋಡದೆಯೇ ಹಾಗೆ ಬಳಿಯುವರು. ಆದರೆ ಬಣ್ಣವು ವಸ್ತುವಿನಲ್ಲಿ ಮಾತ್ರ ಇರತಕ್ಕದ್ದಲ್ಲ. ಮೇಲೆ ಬೀಳುವ ಬೆಳಕು, ನೆರೆಯಲ್ಲಿರುವ ಬಣ್ಣ, ನೋಡುವ ಕಣ್ಣು, ಇವೆಲ್ಲವೂ ಕೂಡಿ ಅದನ್ನು ನಿರ್ಣಯಿಸುವವು.

ಇದಕ್ಕೊಂದು ದೃಷ್ಟಾಂತವುಂಟು. ಪ್ಯಾರಿಸ್ ಪಟ್ಟಣದಲ್ಲಿ ಚಿತ್ರವಸ್ತ್ರಗಳನ್ನು ನೇಯುವ ಗೋಬೆಲಿನ್ ಎಂಬ ಪ್ರಸಿದ್ಧ ಕಾರ್ಖಾನೆಯಿದೆ. 1824ರಲ್ಲಿ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿಯ ಬಣ್ಣಗಾರಿಕೆಗೆ ಅಧಿಕಾರಿಗಳಾದರು. ನೀಲಿ, ನೇರಳೆ ಉಡುಪುಗಳ ನೆರಳನ್ನು ತೋರಿಸಲು ಬಳಸುವ ಕಪ್ಪು ಉಣ್ಣೆಯು ಕಳೆಗುಂದಿದೆಯೆಂದು ಅವರಿಗೆ ದೂರು ಬಂದಿತು. ಬೇರೆಡೆಯ ಕಪ್ಪು ಉಣ್ಣೆಯೊಡನೆ ಹೋಲಿಸಿ ನೋಡಲಾಗಿ ಬಣ್ಣದಲ್ಲಿ ದೋಷವೇ ಇರಲಿಲ್ಲ. ನೀಲಿಯ ನೆರೆಯಲ್ಲಿ ಕಪ್ಪಿಗೆ ಕಿತ್ತಳೆಯ ಛಾಯೆ ತಗಲಿದಂತೆ ಕಣ್ಣಿಗೆ ತೋರುತ್ತಿತ್ತು, ಅಷ್ಟೆ. ಈ ನಿಯಮವನ್ನು ವಿವರಿಸಿ ಅವರು 1839ರಲ್ಲಿ ಪ್ರಕಟಿಸಿದ ಗ್ರಂಥವನ್ನು ಸ್ಯೂರಾ ಮೊದಲಾದ ಚಿತ್ರಕಾರರು ಅಭ್ಯಾಸಮಾಡಿದರು.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಂದೇ ಬೂದು ಕಾಗದದ ಎರಡು ಚಿಕ್ಕ ತುಂಡುಗಳಲ್ಲಿ ಒಂದನ್ನು ಕೆಂಪು ಬಟ್ಟೆಯ ಮೇಲೂ, ಇನ್ನೊಂದನ್ನು ಹಸಿರು ಬಟ್ಟೆಯ ಮೇಲೂ ಇಟ್ಟು ನೋಡಿರಿ. ಕೆಂಪಿನ ಮೇಲಿನದು ತುಸು ಹಸಿರಾಗಿಯೂ, ಹಸಿರಿನ ಮೇಲಿನದು ತುಸು ಕೆಂಪಾಗಿಯೂ ತೋರುವುದು. ಅಂಗಡಿಯ ದೀಪದಲ್ಲಿ ಸೀರೆಗೆ ಸರಿಹೊಂದಿದ ರವಿಕೆಯ ಕಣವು ಹಗಲಿನಲ್ಲಿ ಬೇರೆಯಾಗಿ ಕಾಣುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು.

ವರ್ಣಚಕ್ರವನ್ನು ಕಂಠಪಾಠಮಾಡಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದೆಂದೇ ನಮ್ಮ ಅಭಿಪ್ರಾಯವು. ಮೊದಲು ನೋಡಿಸಬೇಕು, ಕಂಡದ್ದನ್ನು ಬರೆಯಿಸಬೇಕು, ಅನಂತರ ನಿಯಮವನ್ನು ತಿಳಿಸಬೇಕು. ನೆರಳಿಗೆ ನೀಲಿಯನ್ನು ಬಳಿದ ಹುಡುಗಿಯನ್ನು ಗದರಿಸುವ ಮೊದಲು ಉಪಾಧ್ಯಾಯಿನಿಯವರು ತಾವೂ ಕಿಟಕಿಯಿಂದ ಹೊರಗೆ ನೋಡುವುದು ಒಳ್ಳೆಯದು.

ಹೀಗೆ ಕಲಿತವಳು ಚಿತ್ರಕಾರಳಾಗದಿದ್ದರೂ ನಷ್ಟವಿಲ್ಲ. ಬಣ್ಣಗಾರನನ್ನು ದೂರುವುದಕ್ಕೆ ಮುಂಚೆ ತನ್ನ ನೋಟವನ್ನೇ ಪರೀಕ್ಷಿಸುವ ವಿವೇಕವು ಅವಳಿಗೆ ಬರುವುದು; ಸಂಸಾರದಲ್ಲಿಯೂ ಸಮಾಜದಲ್ಲಿಯೂ ಅದರಿಂದ ಪ್ರಯೋಜನವುಂಟು. ಆದುದರಿಂದ ಪರೀಕ್ಷೆಯ ವರ್ಷದಲ್ಲಿಯೂ ವಾರಕ್ಕೊಂದು ತಾಸನ್ನು ಚಿತ್ರಲೇಖನಕ್ಕೆ ಉಳಿಸಬೇಕೆಂದು ನಾವು ಕೋರುತ್ತೇವೆ. ತಾಯಿತಂದೆಗಳೂ ಹಾಗೆ ಕೇಳಲಿ. ಮೇಘದಲ್ಲಿ ಬಿಲ್ಲನ್ನಿಟ್ಟ ದೇವರು ಅದನ್ನು ಕಾಣುವ ಕಣ್ಣುಗಳನ್ನೂ ನಮ್ಮ ಮಕ್ಕಳಿಗೆ ಕೊಟ್ಟಿರುವನು. ಅವುಗಳನ್ನು ತಿದ್ದುವ ಕಾರ್ಯವು ನಮ್ಮೆಲ್ಲರದು.