ಗಜನಿಯ ಕಟ್ಟೆ, ನಮ್ಮೂರ ಕೆರೆ ಏರಿ

ಮೊಳಕಾಲ್ಮೂರು ಕಡೆಯವರಿಗೆ ಗೊತ್ತಿರೋ ಹಿನ್ನೀರು ಒಂದೇ, ತುಂಗಭದ್ರಾ ಹಿನ್ನೀರು. ಅದೂ ಕುಡಿಯೋ ನೀರಿನ ಪೈಪು ಯೋಜನೆಯ ಹೆಸರಾಗಿ. ಹಿನ್ನೀರಿನ ಪಕ್ಕದಲ್ಲೇ ಮನೆ ಕಟ್ಟಿ ಬೇಸಾಯ ಮಾಡೋ ಜನರನ್ನ ನಾನು ನೋಡಿದ್ದು ದೀಪಾವಳಿ ಕಳೆದ ಮೇಲೆ, ಕುಮಟಾ ತಾಲ್ಲೂಕಿನ ಅಘನಾಶಿನಿ ಹೊಳೆ ದಡದಲ್ಲಿ. ಮಾಣಿಕಟ್ಟಾ ಮತ್ತು ಸುತ್ತಿನ ಊರುಗಳನ್ನ ಎರಡು ದಿನ ತಿರುಗಿದೆ.

ಅಲ್ಲಿ ಸಮುದ್ರದ ಉಪ್ಪುನೀರು ಉಬ್ಬರದ ಹೊತ್ತಿಗೆ ಹೊಳೆಯೊಳಗೆ ನುಗ್ಗುತ್ತದೆ, ಇಳಿತಕ್ಕೆ ಹಿಂದೆ ಹೋಗುತ್ತದೆ. ಈ ನೀರು ಮುಟ್ಟುವ ತಗ್ಗು ಗದ್ದೆಗೆ ಗಜನಿ ಅಂತಾರೆ. ಸುತ್ತ ಕಟ್ಟೆ, ನಡುವೆ ಹಲಗೆ ಹಾಕಿದ ತೂಬು. ಮಳೆಗಾಲದ ಮೊದಲ ಮಳೆ ನೆಲದ ಉಪ್ಪು ತೊಳೆದ ಮೇಲೆ ಮೊಳಕೆ ಕಟ್ಟಿದ ಕಗ್ಗ ಬತ್ತ ಎರಚುತ್ತಾರೆ. ಉಪ್ಪಿಗೂ ನೆರೆಗೂ ಜಗ್ಗದ ತಳಿ ಅದು. ಗೊಬ್ಬರ ಇಲ್ಲ, ಔಷಧಿ ಇಲ್ಲ. ಕೊಯ್ಲಾದ ಮೇಲೆ ತೂಬು ತೆಗೆದು ಉಪ್ಪುನೀರು ಬಿಡುತ್ತಾರೆ. ಗದ್ದೆ ಕೆರೆಯಾಗುತ್ತದೆ. ಕೂಳೆ ಕೊಳೆತು ಮೀನು ಸಿಗಡಿಗೆ ಮೇವು. ಇಳಿತದ ಹೊತ್ತಿನಲ್ಲಿ ಹೆಂಗಸರು ಹೊಳೆಗಿಳಿದು ಚಿಪ್ಪು ಆರಿಸುತ್ತಾರೆ. ಒಂದೇ ನೆಲ, ಆರು ತಿಂಗಳು ಅನ್ನ, ಆರು ತಿಂಗಳು ಮೀನು!

ನನ್ನ ಮನಸ್ಸಿನಲ್ಲಿ ನಿಂತದ್ದು ಮೀನಲ್ಲ, ಕಟ್ಟೆ. ಗಜನಿಯಲ್ಲಿ ಒಬ್ಬನೇ ಬೇಸಾಯ ಮಾಡೋದಕ್ಕೆ ಆಗೋದೇ ಇಲ್ಲ. ಒಬ್ಬ ತೂಬು ಎತ್ತಿದರೆ ಎಲ್ಲರ ಪೈರೂ ಉಪ್ಪಾಗುತ್ತದೆ. ಅದಕ್ಕೇ ಬಿತ್ತೋದು, ನೀರು ಬಿಡೋದು ಎಲ್ಲ ಕೂಡಿ ಮಾತಾಡಿಕೊಂಡೇ ನಡೀಬೇಕು. ಹಿಂದೆ ಮಣ್ಣಿನ ಕಟ್ಟೆಯನ್ನ ಊರವರೇ ವರ್ಷವರ್ಷ ಕಟ್ಟುತ್ತಿದ್ದರು. 1970ರ ಸುಮಾರಿಗೆ ಸರ್ಕಾರ ಕಲ್ಲಿನ ಕಟ್ಟೆ ಹಾಕಿತು. ಒಳ್ಳೇದೇ ಆಯಿತು, ಆದರೆ ಕಟ್ಟೆ ನೋಡೋ ಕೆಲಸ ಊರಿನ ಕೈ ಬಿಟ್ಟಿತು. ಆಮೇಲೆ ಸಿಗಡಿಗೆ ಬೆಲೆ ಬಂತು. ಎಷ್ಟೋ ಗಜನಿಗಳಲ್ಲಿ ಬತ್ತ ನಿಂತು ಸಿಗಡಿ ಹೊಂಡ ಬಂದವು. 1990ರ ದಶಕದಲ್ಲಿ ನಮ್ಮ ದೇಶದ ಕರಾವಳಿಯಲ್ಲೆಲ್ಲ ಸಿಗಡಿಗೆ ರೋಗ ಬಡಿಯಿತು. ಇವತ್ತು ಬೀಳು ಬಿದ್ದ ಗಜನಿಗಳೂ ಇವೆ. ಕಗ್ಗದ ಇಳುವರಿ ಕಡಿಮೆ, ಹುಡುಗರು ಪೇಟೆ ಸೇರುತ್ತಾರೆ, ಅದನ್ನ ಮುಚ್ಚಿಡೋದು ಬ್ಯಾಡ. ಆದರೂ ಮಾಣಿಕಟ್ಟಾದ ರೈತರು ಸಂಘ ಮಾಡಿಕೊಂಡು ಕಗ್ಗ ಉಳಿಸಿದ್ದಾರೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ಜೌಗುಭೂಮಿ ಅನ್ನೋ ಮಾನ್ಯತೆಯೂ ಸಿಕ್ಕಿತು.

ಅವರಿಗೆ ನೀರು ಹೆಚ್ಚಾಗಿ ಕಷ್ಟ, ನಮಗೆ ಇಲ್ಲದೆ ಕಷ್ಟ. ಆದರೆ ಕೆಡೋ ದಾರಿ ಎರಡೂ ಕಡೆ ಒಂದೇ. ನಮ್ಮ ಕೆರೆಗಳಿಗೂ ನೀರುಗಂಟಿ ಇದ್ದ. ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಅವನಿಗೆ ಸೇರುತ್ತಿತ್ತು. ಬೇಸಿಗೆಯಲ್ಲಿ ಗಾಡಿ ಹೂಡಿ ಹೂಳು ಹೊಡೆಯುತ್ತಿದ್ದರು, ಆ ಹೂಳೇ ಹೊಲಕ್ಕೆ ಗೊಬ್ಬರ. ಕೆರೆ ಸರ್ಕಾರದ್ದು ಅಂತ ಆಯಿತು, ಹೊಲಕ್ಕೊಂದು ಬೋರು ಬಂತು. ಈಗ ನಮ್ಮೂರ ಏರಿ ತುಂಬ ಬಳ್ಳಾರಿ ಜಾಲಿ, ತೂಬಿನ ಬಾಯಿಗೆ ಹೂಳು. ಬೋರು ಒಬ್ಬೊಬ್ಬರದ್ದು, ಅಂತರ್ಜಲ ಮಾತ್ರ ಎಲ್ಲರದ್ದು!

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 367 ಕೆರೆ ತುಂಬಿಸುವ ಮಾತಿದೆ. ಬರಲಿ, ಸಂತೋಷ. ಆದರೆ ಬಂದ ನೀರು ನಿಲ್ಲೋದು ಎಲ್ಲಿ? ಒಡಕು ಏರಿಯಲ್ಲಿ ಭದ್ರೆಯೂ ನಿಲ್ಲೋದಿಲ್ಲ, ದೊಡ್ಡ ಮಳೆಯೂ ನಿಲ್ಲೋದಿಲ್ಲ.

ನನ್ನ ಸಲಹೆ ಇಷ್ಟೇ. ಯುಗಾದಿ ಕಳೆದ ಮೇಲೆ, ಮುಂಗಾರಿಗೆ ಮೊದಲು, ಮನೆಗೊಂದು ಆಳು, ವರ್ಷಕ್ಕೆ ಎರಡು ದಿನ. ಒಂದು ದಿನ ಏರಿ ಮೇಲಿನ ಜಾಲಿಗೆ, ಒಂದು ದಿನ ತೂಬು ಕೋಡಿಗೆ. ಬರಲಾರದವರು ಕೂಲಿ ಕೊಡಲಿ. ಕೆರೆಗೆ ಬರೋ ಹಳ್ಳ ಒತ್ತುವರಿ ಮಾಡಿದ್ದರೆ ಊರು ಕೂತು ಬಿಡಿಸಲಿ. ಸರ್ಕಾರದ ದುಡ್ಡು ಬಂದರೆ ಹೂಳಿಗೆ ಇರಲಿ, ಏರಿಯ ಕಾವಲು ನಮ್ಮ ಕೈಯಲ್ಲೇ ಇರಲಿ.

ಉಪ್ಪುನೀರಿನ ನಡುವೆ ಅವರು ಬತ್ತ ಬೆಳೆದಿದ್ದು ಕಟ್ಟೆಯ ಬಲದಿಂದ ಅಲ್ಲ, ಕಟ್ಟೆ ಕಾಯೋ ಕಟ್ಟುಪಾಡಿನಿಂದ. ನಿಮ್ಮೂರಿನಲ್ಲಿ ಇಂಥ ಕಟ್ಟುಪಾಡು ಉಳಿದಿದ್ದರೆ, ಹೇಗೆ ನಡೆಯುತ್ತೆ ಅಂತ ದಯವಿಟ್ಟು ಪತ್ರಿಕೆಗೆ ಬರೆಯಿರಿ.